ಕೊನೆ ಭಾಗದ ಮಕ್ಕಳು

ಸಿಂಧನೂರು ಸೀಮೆಯ ರೈತರಿಗೆ ‘ಕೊನೆ ಭಾಗ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೂ ಕೊನೆ ಭಾಗದ ರೈತ ದಿನಗಟ್ಟಲೆ ಕಾಲುವೆಯ ದಂಡೆಯ ಮೇಲೆ ನಿಂತು ದಾರಿ ಕಾಯುತ್ತಾನೆ. ಅಣೆಕಟ್ಟೆಯಲ್ಲಿ ನೀರಿದ್ದರೂ ಅದು ಹೂಳು ತುಂಬಿದ ಉಪಕಾಲುವೆಯನ್ನು, ಕೆಟ್ಟುಹೋದ ತೂಬನ್ನು, ಮೇಲ್ಭಾಗದವರು ಇಳಿಬಿಟ್ಟ ಪಂಪ್‌ಸೆಟ್ಟನ್ನು ದಾಟಿ ಬರಬೇಕು. ಎಲ್ಲಿ ರೈತರು ಕೂಡಿ ಹೂಳು ತೆಗೆದು, ಸರದಿ ಗೊತ್ತುಮಾಡಿಕೊಂಡು, ರಾತ್ರಿ ಕಾವಲು ನಿಲ್ಲುತ್ತಾರೋ ಅಲ್ಲಿ ಕೊನೆಯ ಎಕರೆಗೂ ನೀರು ಮುಟ್ಟುವ ಆಸೆ ಇಟ್ಟುಕೊಳ್ಳಬಹುದು. ಉಳಿದ ಕಡೆ ಮನವಿ ಪತ್ರವೇ ಗತಿ.

ನಮ್ಮ ಮಕ್ಕಳಿಗಾಗಿ ಸರ್ಕಾರ ಹಾಕಿಕೊಂಡ ಯೋಜನೆಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಯೋಜನೆ ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಹುಟ್ಟುತ್ತದೆ. ಹಣವೂ ಬಿಡುಗಡೆಯಾಗುತ್ತದೆ. ಆದರೆ ಲಿಂಗಸುಗೂರು ತಾಲ್ಲೂಕಿನ ಒಂದು ತಾಂಡಾದ, ಮಸ್ಕಿ ಬಳಿಯ ಒಂದು ಕೇರಿಯ, ಸಿಂಧನೂರಿನ ಒಂದು ಕ್ಯಾಂಪಿನ ಕೊನೆಯ ಮನೆಯ ಮಗುವಿಗೆ ಅದು ಮುಟ್ಟಿತೇ ಎಂದು ನೋಡುವವರು ಯಾರು? ಆ ಕೊನೆಯ ಹರದಾರಿಯನ್ನು ಊರಿನವರೇ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದ ಕಸುವನ್ನು ಊರು ಹೇಗೆ ಗಳಿಸಿಕೊಳ್ಳಬೇಕು ಎಂಬುದೇ ಈ ವಾರದ ವಿಷಯ.

ಯೋಜನೆಗಳಿಗೆ ಬರವಿಲ್ಲ

ಮೊದಲು ನಮ್ಮ ಪಾಲಿಗೆ ಏನೇನು ಇದೆ ಎಂದು ಒಮ್ಮೆ ಲೆಕ್ಕ ಹಾಕೋಣ.

1975ರ ಗಾಂಧಿ ಜಯಂತಿಯಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅದೇ ಇಂದು ಊರೂರಿಗೂ ಬಂದಿರುವ ಅಂಗನವಾಡಿ. 2002ರಲ್ಲಿ ಶಾಲೆಯ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, ರಾಜ್ಯದಲ್ಲಿ ಮೊದಲು ಆರಂಭವಾದದ್ದೇ ರಾಯಚೂರು ಸೇರಿದಂತೆ ನಮ್ಮ ಭಾಗದ 7 ಜಿಲ್ಲೆಗಳಲ್ಲಿ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ನಮ್ಮ ಹುಡುಗ ಹುಡುಗಿಯರಿಗೆ ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಮೀಸಲು ದೊರೆಯಿತು. 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರು ಮತ್ತು ಯಾದಗಿರಿಯನ್ನು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ ಕೊಡಲು ಮೊದಲು ಮಾಡಿದ್ದೂ ನಮ್ಮ ಭಾಗದಲ್ಲೇ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಅದೇ ವರ್ಷದ ಬಜೆಟ್ಟಿನಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಘೋಷಣೆಯಾಯಿತು.

ಪಟ್ಟಿ ಸಣ್ಣದೇನಲ್ಲ. ಆದರೆ 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡ 60ನ್ನೂ ಮುಟ್ಟಲಿಲ್ಲ. ರಾಜ್ಯದ ಸರಾಸರಿ ಆಗ ಶೇಕಡ 75ರ ಮೇಲಿತ್ತು. ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ಅದೇ 2011ರಲ್ಲಿ ನಮ್ಮ ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ರಾಜ್ಯಕ್ಕೆಲ್ಲ ಸುದ್ದಿಯಾಗಿ, ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ರಚನೆಯಾಯಿತು. ಆ ಹೊತ್ತಿಗೆ ಅಂಗನವಾಡಿ ಯೋಜನೆ ಆರಂಭವಾಗಿ 36 ವರ್ಷಗಳಾಗಿದ್ದವು! ಕಾಲುವೆ ಇದ್ದೂ ಹೊಲ ಒಣಗಿದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಹತ್ತಿ ಹೊಲದ ಹಾಜರಿ

ಒಂದು ಉದಾಹರಣೆಯನ್ನು ಬುಡದವರೆಗೂ ನೋಡೋಣ. ನವೆಂಬರಿನಿಂದ ಫೆಬ್ರುವರಿಯವರೆಗೆ ನಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲ. ಬೆಳಗಿನ ಏಳು ಗಂಟೆಗೆ ಟಂಟಂಗಳು, ಗೂಡ್ಸ್ ಗಾಡಿಗಳು ಆಳುಗಳನ್ನು ತುಂಬಿಕೊಂಡು ಹೊರಡುತ್ತವೆ. ಆ ಗಾಡಿಗಳಲ್ಲಿ ದೊಡ್ಡವರ ಕಾಲ ಸಂದಿಯಲ್ಲಿ ನಿಂತ ಮಕ್ಕಳನ್ನು ಯಾರೂ ನೋಡಬಹುದು. ಅದೇ ಹೊತ್ತಿಗೆ ಶಾಲೆಯಲ್ಲಿ ಹಾಜರಿ ಕರೆದರೆ, “ಹತ್ತಿ ಬಿಡಸಾಕ ಹೋಗ್ಯಾನ್ರೀ ಸರ” ಎಂಬ ಉತ್ತರ ಪಕ್ಕದ ಹುಡುಗನ ಬಾಯಿಂದ ಬರುತ್ತದೆ.

ಗಣಿತ ಹಾಕಿ ನೋಡಿ. ನವೆಂಬರಿನಿಂದ ಫೆಬ್ರುವರಿಗೆ ಸುಮಾರು 16 ವಾರ. ವಾರಕ್ಕೆ ಮೂರು ದಿನ ತಪ್ಪಿದರೂ 48 ದಿನ ಆಯಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ ಪಾಠ ನಡೆಯಬೇಕು. ಅದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಆ ದಿನಗಳಲ್ಲಿ ಕಲಿಸಿದ ಭಿನ್ನರಾಶಿ ಅರ್ಥವಾಗದ ಮಗುವಿಗೆ ಮುಂದೆ ವೇಗ, ಸಾಂದ್ರತೆ, ಓಮನ ನಿಯಮ ಯಾವುದೂ ಅರ್ಥವಾಗುವುದಿಲ್ಲ. ಅರ್ಥವಾಗದ ಪಾಠದ ಮುಂದೆ ಕುಳಿತು ಬೇಸತ್ತ ಮಗು ಮರುವರ್ಷ ಇನ್ನಷ್ಟು ದಿನ ತಪ್ಪಿಸುತ್ತದೆ. ಮೂರನೇ ವರ್ಷ ‘ಇವನಿಗೆ ವಿದ್ಯೆ ಹತ್ತಲಿಲ್ಲ’ ಎಂದು ನಾವೇ ಹೇಳಿಬಿಡುತ್ತೇವೆ.

ಇದಕ್ಕೆ ತಂದೆ ತಾಯಿಯನ್ನು ಬೈದು ಪ್ರಯೋಜನವಿಲ್ಲ. ಹತ್ತಿ ಬಿಡಿಸುವ ಕೂಲಿ ಬಹುಮಟ್ಟಿಗೆ ಕಿಲೋ ಲೆಕ್ಕದ್ದು. ಎಷ್ಟು ಕೈಯೋ ಅಷ್ಟು ಕಿಲೋ. ಸಾಲ ತಲೆಯ ಮೇಲಿದ್ದಾಗ ಮಗುವಿನ ಎರಡು ಕೈಯೂ ಕಣ್ಣಿಗೆ ಬೀಳುತ್ತವೆ. ಇನ್ನು ಅನೇಕ ಮನೆಗಳಲ್ಲಿ ಶಾಲೆ ತಪ್ಪಿಸುವ ಹುಡುಗಿ ಹತ್ತಿ ಹೊಲಕ್ಕೆ ಹೋಗಿರುವುದೇ ಇಲ್ಲ. ತಾಯಿ ಹೊಲಕ್ಕೆ ಹೋದಾಗ ಎಂಟು ತಿಂಗಳ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿರುತ್ತಾಳೆ. ಅಂದರೆ ಈ ಹುಡುಗಿಯನ್ನು ಶಾಲೆಗೆ ತರುವ ದಾರಿ ಶಾಲೆಯಲ್ಲಿ ಇಲ್ಲ, ಪಂಚಾಯಿತಿಯ ಕೂಸಿನ ಮನೆಯಲ್ಲಿದೆ. ಕೂಸಿನ ಮನೆ ಬೆಳಿಗ್ಗೆ ತಾಯಿ ಹೊಲಕ್ಕೆ ಹೊರಡುವ ಹೊತ್ತಿಗೆ ತೆರೆದಿದ್ದರೆ ಅಕ್ಕನ ಕೈಗೆ ಪಾಟಿಚೀಲ ಬರುತ್ತದೆ. ತೆರೆದಿರದಿದ್ದರೆ ಮೇಷ್ಟ್ರು ಮನೆಗೆ ಹತ್ತು ಸಲ ಹೋದರೂ ಅಷ್ಟೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮಗುವಿನ ಹಾಜರಿ ಶಿಕ್ಷಣ ಇಲಾಖೆಯದು. ಕೂಸಿನ ಮನೆ ಪಂಚಾಯಿತಿಯದು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಕಲ್ಯಾಣದ್ದು. ಹಾಸ್ಟೆಲು ಸಮಾಜ ಕಲ್ಯಾಣದ್ದು. ತಾಯಿಯ ರಕ್ತಹೀನತೆ ಆರೋಗ್ಯ ಇಲಾಖೆಯದು. ಆದರೆ ಈ ಎಲ್ಲ ಇಲಾಖೆಗಳು ಕೂಡುವ ಜಾಗ ಒಂದೇ, ಅದು ಆ ಮಗುವಿನ ಮನೆ. ಆ ಮನೆಯನ್ನು ಹೆಸರು ಹಿಡಿದು ಬಲ್ಲವರು ತಾಲ್ಲೂಕು ಕಚೇರಿಯಲ್ಲಿ ಇಲ್ಲ, ಊರಿನಲ್ಲೇ ಇದ್ದಾರೆ.

ನೆರೆಯ ಜಿಲ್ಲೆಯ ಪಾಠ

ಇದು ಆಗುವ ಮಾತೇ ಎಂದು ಕೇಳುವವರಿಗೆ ನಮ್ಮಿಂದ ಬಹಳ ದೂರವಿಲ್ಲದ ರಂಗಾರೆಡ್ಡಿ ಜಿಲ್ಲೆಯನ್ನು ತೋರಿಸಬಹುದು. ಈಗ ಅದು ತೆಲಂಗಾಣದಲ್ಲಿದೆ. ಅಲ್ಲಿ ಮಾಮಿಡಿಪುಡಿ ವೆಂಕಟರಂಗಯ್ಯ ಪ್ರತಿಷ್ಠಾನ 1991ರಲ್ಲಿ ಜೀತಕ್ಕಿದ್ದ, ಕೂಲಿಗೆ ಹೋಗುತ್ತಿದ್ದ ಮಕ್ಕಳನ್ನು ಶಾಲೆಗೆ ತರುವ ಕೆಲಸ ಹಿಡಿಯಿತು. ಇದರ ಮುಂದಾಳು ಪ್ರೊ. ಶಾಂತಾ ಸಿನ್ಹಾ. ಶಾಲೆಯ ಹೊರಗಿರುವ ಪ್ರತಿ ಮಗುವೂ ದುಡಿಯುವ ಮಗುವೇ ಎಂಬುದು ಅವರ ಲೆಕ್ಕ. ಮನೆಯಲ್ಲಿ ಕೂಸು ಆಡಿಸುವ ಹುಡುಗಿಯೂ ಅದರಲ್ಲಿ ಸೇರಿದಳು.

ಅವರು ಮಾಡಿದ್ದು ಸರಳ ಕೆಲಸ. ಊರಿನ ಓದಿದ ಹುಡುಗ ಹುಡುಗಿಯರನ್ನೇ ಕಾರ್ಯಕರ್ತರನ್ನಾಗಿ ತಯಾರು ಮಾಡಿದರು. ಮನೆ ಮನೆಗೆ ಹೋಗಿ ಮಕ್ಕಳ ಹೆಸರು ಬರೆದುಕೊಂಡರು. ವಯಸ್ಸು ಮೀರಿದ ಮಕ್ಕಳನ್ನು ಕೆಲವು ತಿಂಗಳು ಶಿಬಿರದಲ್ಲಿಟ್ಟು ಓದಿಸಿ, ಅವರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. ದುಡಿಸಿಕೊಳ್ಳುವ ರೈತರನ್ನೂ ದೂರವಿಡದೆ ಸಭೆಗೆ ಕರೆದು, ಮಾತನಾಡಿ, ಒಲಿಸಿದರು. ಊರೇ ‘ನಮ್ಮಲ್ಲಿ ಮಕ್ಕಳನ್ನು ಕೂಲಿಗೆ ಕರೆಯುವುದಿಲ್ಲ’ ಎಂಬ ನಿಲುವಿಗೆ ಬಂದ ಮೇಲೆ ಕಾನೂನಿನ ಬೆದರಿಕೆಯ ಅಗತ್ಯವೇ ಕಡಿಮೆಯಾಯಿತು. 2003ರಲ್ಲಿ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರೂ ಅವರೇ ಆದರು.

ಬಡತನ ಹೋದ ಮೇಲೆ ಮಗು ಶಾಲೆಗೆ ಬರುತ್ತದೆ ಎಂದು ಅವರು ಕಾಯುತ್ತಾ ಕೂಡಲಿಲ್ಲ. ಬಡ ತಂದೆ ತಾಯಿಗೂ ಮಗುವನ್ನು ಓದಿಸುವ ಆಸೆ ಇರುತ್ತದೆ, ಊರು ಬೆನ್ನಿಗೆ ನಿಂತರೆ ಆ ಆಸೆ ಕೈಗೂಡುತ್ತದೆ ಎಂಬುದೇ ಆ ಜಿಲ್ಲೆ ಕಲಿಸಿದ ಪಾಠ.

ಊರಿಗೆ ಕಸುವು ಇದ್ದೇ ಇದೆ

ನಮ್ಮ ಊರುಗಳಿಗೆ ಕೂಡಿ ಕೆಲಸ ಮಾಡುವುದು ಹೊಸದೇ? ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾದೇವಿ ಜಾತ್ರೆಯಲ್ಲಿ ಎಷ್ಟು ಸಾವಿರ ಜನರಿಗೆ ದಾಸೋಹ ನಡೆಯುತ್ತದೆ! ಮುದಗಲ್ಲಿನ ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ದೇವರನ್ನು ಹೊರುತ್ತಾರೆ. ಜಾತ್ರೆಗೆ ಪಟ್ಟಿ ಎತ್ತುವವರು ಯಾರು, ಲೆಕ್ಕ ಬರೆಯುವವರು ಯಾರು, ಅಡುಗೆಗೆ ನಿಲ್ಲುವವರು ಯಾರು ಎಂದು ಯಾವ ಇಲಾಖೆಯೂ ಸುತ್ತೋಲೆ ಕಳುಹಿಸುವುದಿಲ್ಲ. ಊರ ದೈವದವರು ಕೂಡುತ್ತಾರೆ, ಕೆಲಸ ಹಂಚಿಕೊಳ್ಳುತ್ತಾರೆ, ಮುಗಿಸುತ್ತಾರೆ. ಹೊಲದಲ್ಲಿ ಮುಯ್ಯಾಳಿನ ಪದ್ಧತಿ ನಮ್ಮ ಹಿರಿಯರದೇ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು.

ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಹೊರಟರು. ಮನೆ ಮನೆಗೆ ಹೋಗಿ ಅವರು ಕೇಳಿದ ಭಿಕ್ಷೆ ಕಾಳಿನದಲ್ಲ. ನಿಮ್ಮ ಕುಡಿತವನ್ನು, ಗುಟ್ಕಾವನ್ನು, ಬೀಡಿಯನ್ನು ಈ ಜೋಳಿಗೆಗೆ ಹಾಕಿ ಎಂದು ಕೇಳಿದರು. ಕುಡಿತ ಬಿಟ್ಟ ಮನೆಯಲ್ಲಿ ಮೊದಲು ನಗುವುದು ಮಕ್ಕಳು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ.

2020ರ ಆಗಸ್ಟಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ ಆರಂಭವಾಯಿತು. ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋದರು. ಗುಡಿಯ ಪೌಳಿ, ಮಸೀದಿಯ ಅಂಗಳ, ಬೇವಿನ ಮರದ ಕಟ್ಟೆ ಪಾಠದ ಕೋಣೆಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತೆಂಬುದು ನಿಜ. ಆದರೆ ಆ ಎರಡು ತಿಂಗಳಲ್ಲಿ ಜಮಖಾನೆ ಹಾಸಿದವರು, ಕಟ್ಟೆ ಗುಡಿಸಿದವರು, ‘ನಮ್ಮ ಪಡಸಾಲೆಯಲ್ಲೇ ಮಾಡ್ರಿ ಸರ’ ಎಂದವರು ಊರಿನವರೇ ಅಲ್ಲವೇ? ಆ ಪಡಸಾಲೆ ಈಗಲೂ ಅಲ್ಲೇ ಇದೆ. ಸಂಜೆ ಏಳರಿಂದ ಎಂಟೂವರೆಯವರೆಗೆ ಒಂದು ದೀಪ, ಒಂದು ಚಾಪೆ, ಟಿವಿ ಇಲ್ಲದ ಒಂದು ಮೂಲೆ ಕೊಟ್ಟರೆ ಆ ಓಣಿಯ ಹತ್ತು ಮಕ್ಕಳಿಗೆ ಓದಲು ಜಾಗವಾಗುತ್ತದೆ.

ಕಸುವಿದೆ, ಅದನ್ನು ಜಾತ್ರೆಗೆ ಬಳಸಿದಷ್ಟು ಮಕ್ಕಳಿಗಾಗಿ ಬಳಸುತ್ತಿಲ್ಲ. ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ, ಮಗು ದಿನಾಲೂ ಬೆಳೆಯುತ್ತದೆ. ಆದ್ದರಿಂದ ಇದಕ್ಕೆ ಸ್ವಲ್ಪ ಬೇರೆ ರೀತಿಯ ಅಭ್ಯಾಸ ಬೇಕು.

ಎಣಿಸುವುದು, ಅಳೆಯುವುದು, ಕೂಡುವುದು

ವಿಜ್ಞಾನದ ಮೇಷ್ಟ್ರಾದ್ದರಿಂದ ನನಗೆ ಅಳತೆಯಿಲ್ಲದ ಮಾತಿನಲ್ಲಿ ನಂಬಿಕೆ ಕಡಿಮೆ. ಊರು ಕಲಿಯಬೇಕಾದ ಅಭ್ಯಾಸಗಳು ನನ್ನ ಲೆಕ್ಕದಲ್ಲಿ ಮೂರು.

ಮೊದಲನೆಯದು, ಹೆಸರು ಹಿಡಿದು ಎಣಿಸುವುದು. ‘ನಮ್ಮೂರಲ್ಲಿ ಕೆಲವು ಮಕ್ಕಳು ಶಾಲೆ ಬಿಟ್ಟಿದ್ದಾರೆ’ ಎಂಬ ಮಾತಿನಿಂದ ಏನೂ ಆಗುವುದಿಲ್ಲ. ಯಾರು, ಯಾವ ಮನೆ, ಎಂದಿನಿಂದ, ಯಾಕೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆದಾಗ ಕೆಲಸ ಶುರುವಾಗುತ್ತದೆ. ಓಣಿಗೊಬ್ಬ ಹಿರಿಯರು ಹತ್ತು ಮಕ್ಕಳ ಹೊಣೆ ಹೊತ್ತುಕೊಳ್ಳಲಿ. ಮಗು ಸತತ ಮೂರು ದಿನ ಶಾಲೆಗೆ ಬಾರದಿದ್ದರೆ ನಾಲ್ಕನೇ ದಿನ ಅವರು ಆ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ಲೋಟ ನೀರು ಕುಡಿದು ಬರಲಿ. ಗದರಿಸುವುದು ಬೇಡ, ಕಾರಣ ಕೇಳಿಕೊಂಡು ಬಂದರೆ ಸಾಕು. ಇಡೀ ಕುಟುಂಬ ಗುಳೆ ಹೊರಟಿದ್ದರೆ ಮಗುವನ್ನು ಅಜ್ಜಿಯ ಹತ್ತಿರವೋ, ವಿದ್ಯಾರ್ಥಿ ನಿಲಯದಲ್ಲೋ ಬಿಡುವಂತೆ ಮಾಡಬಹುದು. ಗುಳೆ ಹೋದವರ ಮಕ್ಕಳಿಗಾಗಿ ಹಂಗಾಮಿ ವಸತಿ ವ್ಯವಸ್ಥೆ ಮಾಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಆದರೆ ಎಷ್ಟು ಮಕ್ಕಳು ಉಳಿಯುತ್ತಾರೆ ಎಂಬ ಪಟ್ಟಿ ಗುಳೆ ಹೊರಡುವ ಮೊದಲೇ ಕೈಯಲ್ಲಿರಬೇಕು.

ಎರಡನೆಯದು, ಅಳೆಯುವುದು. ಮಗುವಿನ ಮಿದುಳು ಎರಡು ವರ್ಷ ತುಂಬುವ ಹೊತ್ತಿಗೆ ದೊಡ್ಡವರ ಮಿದುಳಿನ ಗಾತ್ರದ ಮುಕ್ಕಾಲು ಪಾಲು ಮುಟ್ಟಿರುತ್ತದೆ. ಆ ಕಾಲದಲ್ಲಿ ಅನ್ನ ತಪ್ಪಿದರೆ ಎಂಟನೇ ತರಗತಿಯಲ್ಲಿ ಯಾವ ಮೇಷ್ಟ್ರೂ ಅದನ್ನು ತುಂಬಿಕೊಡಲಾರರು. ಅಂಗನವಾಡಿಯಲ್ಲಿ ಮೂರು ಬಣ್ಣದ ಒಂದು ಅಳತೆ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ರಟ್ಟೆಯ ನಡುವೆ ಅದನ್ನು ಸುತ್ತಿದರೆ ಸಾಕು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ವೈದ್ಯರು ಹೇಳಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. 11.5ರಿಂದ 12.5ರವರೆಗೆ ಹಳದಿ, ಎಚ್ಚರಿಕೆಯ ಗಂಟೆ. ಅದಕ್ಕೂ ಮೇಲಿದ್ದರೆ ಹಸಿರು. ತಾಯಿಯೇ ಓದಬಲ್ಲ ಇಷ್ಟು ಸುಲಭದ ಅಳತೆಯನ್ನು ಅಂಗನವಾಡಿ ಕಾರ್ಯಕರ್ತೆಯೊಬ್ಬರ ತಲೆಗೇ ಕಟ್ಟುವುದು ಏಕೆ? ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ತಿಂಗಳಿಗೊಮ್ಮೆ ಉಳಿತಾಯದ ಲೆಕ್ಕದ ಜೊತೆಗೆ ಕೂಸುಗಳ ರಟ್ಟೆಯ ಲೆಕ್ಕವೂ ಆಗಲಿ. ಆದರೆ ತಾಯಿಯನ್ನು ಎಲ್ಲರ ಮುಂದೆ ನಾಚಿಸುವ ಮಾತು ಬರಬಾರದು.

ಮೂರನೆಯದು, ಗೊತ್ತಾದ ದಿನ ಕೂಡುವುದು. ಪರಮಾಣು ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ ಕರ್ನಾಟಕದಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಎಸ್‌ಡಿಎಂಸಿಗಳು, ಆರಂಭವಾದವು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು. ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಪಾಲಕರೇ, ಒಂದು ಪ್ರಶ್ನೆ: ನಿಮ್ಮ ಶಾಲೆಯ ಸಮಿತಿಯ ಸಭೆ ಹಿಂದೆ ನಡೆದದ್ದು ಯಾವಾಗ? ಅಲ್ಲಿ ಮಾತಾಡಿದ್ದು ಕಟ್ಟಡ, ಕಾಂಪೌಂಡುಗಳ ಬಗ್ಗೆಯೋ, ಮಕ್ಕಳ ಬಗ್ಗೆಯೋ? ತಾಯಂದಿರು ಸಹಿ ಮಾಡಿ ಹೋದರೋ, ಕುಳಿತು ಮಾತಾಡಿದರೋ? ತಿಂಗಳಿಗೊಂದು ಸಂಜೆ, ಕೂಲಿಯವರು ಹೊಲದಿಂದ ಬಂದ ಮೇಲೆ, ಒಂದೇ ತಾಸು ಕೂಡಿ ಆ ನೋಟುಪುಸ್ತಕದ ಹೆಸರುಗಳನ್ನು ಓದಿದರೆ ಸಾಕು. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರನ್ನೂ ಅದೇ ಸಭೆಗೆ ಕರೆಯಿರಿ. ಬೇರೆ ಬೇರೆ ಇಲಾಖೆಗಳು ಕೂಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹರೆಯದವರನ್ನು ಕೈಬಿಡಬೇಡಿ

ಮಗು ಹತ್ತನೇ ತರಗತಿ ಮುಟ್ಟಿದರೆ ನಮ್ಮ ಹೊಣೆ ತೀರಿತೆಂದು ಅನೇಕರು ತಿಳಿಯುತ್ತಾರೆ. ಕಾಲು ಜಾರುವುದೇ ಅಲ್ಲಿಂದ ಮುಂದೆ. ಊರಿನ ಶಾಲೆ ಏಳಕ್ಕೋ ಎಂಟಕ್ಕೋ ಮುಗಿದಿರುತ್ತದೆ. ಹೈಸ್ಕೂಲು, ಪಿಯು ಕಾಲೇಜು ದೂರ. ಬಸ್ಸು ಉಚಿತವಾಗಿದೆ, ಸರಿ. ಆದರೆ ಬೆಳಗಿನ ಬಸ್ಸು ಶಾಲೆಯ ಹೊತ್ತಿಗೆ ಬರದಿದ್ದರೆ, ಬಂದರೂ ನಿಲ್ಲಿಸದಿದ್ದರೆ ಉಚಿತ ಟಿಕೇಟಿನಿಂದ ಏನು ಬಂತು? ಇಂಥಲ್ಲಿ ಒಬ್ಬ ತಂದೆ ಹೋಗಿ ಕೇಳಿದರೆ ಒಂದು ಅರ್ಜಿ. ಎಸ್‌ಡಿಎಂಸಿ, ಪಂಚಾಯಿತಿ, ನಾಲ್ಕು ಊರಿನ ಪಾಲಕರು ಕೂಡಿ, ಎಷ್ಟು ವಿದ್ಯಾರ್ಥಿನಿಯರು ಯಾವ ನಿಲ್ದಾಣದಲ್ಲಿ ಹತ್ತುತ್ತಾರೆಂಬ ಪಟ್ಟಿಯೊಡನೆ ಸಿಂಧನೂರು ಅಥವಾ ಲಿಂಗಸುಗೂರಿನ ಸಾರಿಗೆ ಘಟಕಕ್ಕೆ ಹೋದರೆ ಅದರ ತೂಕವೇ ಬೇರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಸುಳ್ಳಲ್ಲ.

ಓದು ನಿಂತ ಹುಡುಗಿಯ ಮದುವೆಯ ಮಾತು ಬೇಗ ಏಳುತ್ತದೆ. ನಮ್ಮ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ರಾಜ್ಯದ ಬಾಲ್ಯವಿವಾಹಗಳ ಬಗ್ಗೆ ವರದಿ ಕೊಟ್ಟಿತು. 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಆದರೆ ಚಪ್ಪರ ಹಾಕಿದ ಮೇಲೆ ಪೊಲೀಸರನ್ನು ಕರೆಯುವುದಕ್ಕಿಂತ, ಬೀಗರು ಬರುವ ಮೊದಲೇ ಸೋದರಮಾವನಿಗೆ, ದೈವದ ಹಿರಿಯರಿಗೆ ತಿಳಿಹೇಳುವುದು ಆ ಮನೆಯ ಮರ್ಯಾದೆಗೂ ಒಳ್ಳೆಯದು, ಹುಡುಗಿಯ ಓದಿಗೂ ಒಳ್ಳೆಯದು. ಸಾಮೂಹಿಕ ವಿವಾಹ ಮಾಡಿಸುವ ಮಠ, ಟ್ರಸ್ಟುಗಳು ಶಾಲೆಯ ದಾಖಲೆ ನೋಡದೆ ಒಂದು ಜೋಡಿಯನ್ನೂ ಸೇರಿಸಿಕೊಳ್ಳಬಾರದು. ಅಚ್ಚು ಹಾಕುವ ಮುದ್ರಣಾಲಯದವರು, ವಾಲಗದವರು, ಅಡುಗೆಯವರು ಕೂಡ ವಯಸ್ಸು ಕೇಳುವಂತಾದರೆ ಇನ್ನೂ ಒಳ್ಳೆಯದು.

ಇನ್ನು 371(ಜೆ). ಮೀಸಲು ಇದೆ, ಆದರೆ ಅರ್ಹತಾ ಪ್ರಮಾಣ ಪತ್ರ ಬೇಕು. ಅದಕ್ಕಾಗಿ ಲಿಂಗಸುಗೂರಿನ ಉಪವಿಭಾಗಾಧಿಕಾರಿ ಕಚೇರಿಯವರೆಗೆ ಕಾಗದಪತ್ರ ಹೋಗಬೇಕು. ಕೌನ್ಸೆಲಿಂಗಿನ ಹಿಂದಿನ ದಿನ ಓಡಾಡುವ ಹುಡುಗರಿಗೆ ಅದು ಕೈಗೆ ಸಿಗುವುದಿಲ್ಲ. ಮೊದಲೇ ಮಾಡಿಸಿಕೊಂಡ ಊರಿನ ಅಣ್ಣ ಅಕ್ಕಂದಿರು ತಮ್ಮ ತಂಗಿಯರಿಗೆ ದಾರಿ ತೋರಿಸಲಿ. ಇದಕ್ಕೆ ಒಳ್ಳೆಯ ಜಾಗ ಪಂಚಾಯಿತಿಯ ಗ್ರಂಥಾಲಯ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಇಂದು ಅವಕ್ಕೆ ಅರಿವು ಕೇಂದ್ರ ಎಂಬ ಹೆಸರೂ ಬಂದಿದೆ. ಭಾನುವಾರ ಬೆಳಿಗ್ಗೆ ಪಿಯು ವಿಜ್ಞಾನ ಮುಗಿಸಿದ ಒಬ್ಬ ಹುಡುಗಿ ಹತ್ತನೇ ತರಗತಿಯ ಐವರಿಗೆ ಅಲ್ಲಿ ಗಣಿತ ಹೇಳಿಕೊಟ್ಟರೆ ಆ ಐವರೂ ಕಲಿಯುತ್ತಾರೆ. ಹೇಳಿಕೊಟ್ಟವಳು ಅವರಿಗಿಂತ ಹೆಚ್ಚು ಕಲಿಯುತ್ತಾಳೆ.

ಎರಡು ಎಚ್ಚರಿಕೆಗಳು

ಊರೇ ಎಲ್ಲ ಮಾಡಲಿ ಎಂದರೆ ಸರ್ಕಾರ ಕೈತೊಳೆದುಕೊಳ್ಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಖಾಲಿ ಇರುವ ಶಿಕ್ಷಕರ ಹುದ್ದೆಯನ್ನು ಊರಿನವರು ಪಟ್ಟಿ ಎತ್ತಿ ತುಂಬಬೇಕಾಗಿಲ್ಲ. ಅದು ಸರ್ಕಾರದ ಹೊಣೆ. ಊರಿನ ಕೆಲಸ ಹೂಳು ತೆಗೆಯುವುದು, ಸರದಿ ನೋಡುವುದು, ನೀರು ಬರದಿದ್ದರೆ ಒಕ್ಕೊರಲಿನಿಂದ ಕೇಳುವುದು. ನೀರು ಬಿಡುವ ಕೆಲಸ ಅಣೆಕಟ್ಟೆಯದೇ. ಪಟ್ಟಿ, ಅಳತೆ, ನಡಾವಳಿ ಪುಸ್ತಕ ಕೈಯಲ್ಲಿರುವ ಊರಿನ ಮಾತಿಗೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ.

ಎರಡನೆಯ ಎಚ್ಚರಿಕೆ ಇದಕ್ಕಿಂತ ಮುಖ್ಯ. ‘ಊರು’ ಎಂದಾಗ ನಾವು ಯಾರನ್ನು ಎಣಿಸುತ್ತೇವೆ? ಅಗಸಿಯ ಒಳಗಿನವರನ್ನು ಮಾತ್ರವೇ? ಕೇರಿ, ತಾಂಡಾ, ಅಲೆಮಾರಿಗಳ ಗುಡಿಸಲು ಊರಲ್ಲವೇ? ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ಎದ್ದ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದ ಕುಟುಂಬಗಳಿವೆ. ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಇವೆ. ಭತ್ತದ ನಾಟಿಗೆ, ಕೊಯ್ಲಿಗೆ ಬೇರೆ ತಾಲ್ಲೂಕಿನಿಂದ ಬಂದು ಎರಡು ತಿಂಗಳು ಗುಡಾರದಲ್ಲಿರುವವರ ಮಕ್ಕಳ ಹೆಸರು ಬಿಟ್ಟು ಬಂದ ಊರಿನ ಹಾಜರಿಯಲ್ಲೂ ನಿಲ್ಲುವುದಿಲ್ಲ, ಬಂದ ಊರಿನ ಹಾಜರಿಗೂ ಏರುವುದಿಲ್ಲ. ನಿಜವಾದ ಕೊನೆ ಭಾಗ ಇದೇ. ಸಮಿತಿಯಲ್ಲಿ ಮೇಲ್ಭಾಗದ ಹೊಲದವರೇ ತುಂಬಿಕೊಂಡರೆ ಕೊನೆ ಭಾಗಕ್ಕೆ ನೀರು ಹೋಗುವುದಿಲ್ಲವೆಂದು ನಮಗೆ ಗೊತ್ತಿದೆ. ಆದ್ದರಿಂದ ಪಟ್ಟಿ ಬರೆಯುವುದನ್ನು ಊರಿನ ಕೊನೆಯ ಮನೆಯಿಂದ ಶುರುಮಾಡಬೇಕು.

ಮಸ್ಕಿಯ ಬಂಡೆ ಹೇಳುವುದು

ಮಸ್ಕಿಯ ಹೆಸರು ಜಗತ್ತಿಗೆ ಗೊತ್ತಾದದ್ದು 1915ರಲ್ಲಿ. ಚಿನ್ನದ ನಿಕ್ಷೇಪ ಹುಡುಕುತ್ತಾ ಬಂದ ಬೀಡನ್ ಎಂಬ ಎಂಜಿನಿಯರಿಗೆ ಇಲ್ಲಿನ ಬಂಡೆಯ ಮೇಲಿನ ಬ್ರಾಹ್ಮೀ ಲಿಪಿ ಕಂಡಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಆ ಶಾಸನದಿಂದ ಖಚಿತವಾಯಿತೆಂದು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಅದೇ ಬಂಡೆಯ ಮೇಲೆ ಅರಸ ಏನು ಬರೆಸಿದ ಎಂಬುದನ್ನು ಕೇಳುವವರು ಕಡಿಮೆ. ಧರ್ಮದ ಫಲವನ್ನು ದೊಡ್ಡವರು ಮಾತ್ರ ಪಡೆಯುತ್ತಾರೆಂದು ತಿಳಿಯಬಾರದು, ನಿಷ್ಠೆಯಿಂದ ನಡೆದರೆ ಚಿಕ್ಕವನಿಗೂ ಅದು ಸಾಧ್ಯ, ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಸಾರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಇದು ನಮ್ಮ ಊರಿನ ಬಂಡೆಗೇ ಬಂದ ಮಾತು. ಮಕ್ಕಳ ಕೆಲಸಕ್ಕೆ ಶಾಸಕರೇ ಬೇಕು, ದೊಡ್ಡ ಸಾಹೇಬರೇ ಬೇಕು ಎಂದು ಕಾಯುವವರು ಒಮ್ಮೆ ಆ ಗುಡ್ಡದ ಕಡೆ ಹೋಗಿಬರಬೇಕು.

ಈ ವಾರದ ಮನೆಗೆಲಸ

ಮಕ್ಕಳೇ, ನಿಮಗೂ ಪಾಲು ಇದೆ. ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಮಾತನಾಡುವ ಹಕ್ಕು ನಿಮ್ಮದು. ಬರಿಗೈಯಲ್ಲಿ ಹೋಗಬೇಡಿ. ಒಂದು ಹಾಳೆ ತೆಗೆದುಕೊಂಡು ನಿಮ್ಮ ಓಣಿಯ ನಕ್ಷೆ ಬರೆಯಿರಿ. ಪ್ರತಿ ಮನೆಯಲ್ಲಿ 18 ವರ್ಷದೊಳಗಿನವರು ಎಷ್ಟು, ಶಾಲೆಗೆ ಹೋಗುವವರು ಎಷ್ಟು ಎಂದು ಗುರುತು ಹಾಕಿ. ಕುಡಿಯುವ ನೀರು, ಶೌಚಾಲಯ, ಬಸ್ಸು ನಿಲ್ಲುವ ಜಾಗ, ಸಂಜೆ ಓದಲು ಬೆಳಕಿರುವ ಜಾಗ ಎಲ್ಲಿವೆ ತೋರಿಸಿ. ನಾಲ್ಕು ದಿನದಿಂದ ಶಾಲೆಗೆ ಬಾರದ ನಿಮ್ಮ ಗೆಳೆಯನ ಮನೆಗೆ ಹೋಗಿ, ತಪ್ಪಿದ ಪಾಠದ ನೋಟ್ಸು ಕೊಟ್ಟು ಬನ್ನಿ.

ಪಾಲಕರಿಗೆ ಒಂದೇ ಲೆಕ್ಕ. ಬರುವ ಎಸ್‌ಡಿಎಂಸಿ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ನಿಮ್ಮ ಮಗುವಿನ ಬಗ್ಗೆ ಒಂದು ಪ್ರಶ್ನೆ ಕೇಳಿ. ಆಮೇಲೆ ಸಭೆಗೆ ಬಾರದವರ ಮಗುವಿನ ಬಗ್ಗೆ ಒಂದು ಪ್ರಶ್ನೆ ಕೇಳಿ. ಆ ಎರಡನೆಯ ಪ್ರಶ್ನೆ ಕೇಳುವವರು ಪ್ರತಿ ಊರಿನಲ್ಲಿ ಹತ್ತು ಜನ ಇದ್ದರೆ ಸಾಕು.